ಹೊರಗೋಡೆಯ ಹೊದಿಕೆ: ಆರಿಸುವವರು ಯಾರು, ಅನುಭವಿಸುವವರು ಯಾರು?

ನಮ್ಮ ಮಂಗಳೂರಿನಲ್ಲಿ ಈಗ ಕಟ್ಟಡಗಳು ಮೇಲೇಳುವ ಕಾಲ. ಹಂಪನಕಟ್ಟೆ, ಕೊಡಿಯಾಲಬೈಲು, ಕಂಕನಾಡಿ, ಬಿಜೈ, ಯಾವ ಕಡೆ ತಿರುಗಿದರೂ ಹಂಚಿನ ಮಾಡಿನ ಹಳೆಯ ಮನೆ ಹೋಗಿ ಅದರ ಜಾಗದಲ್ಲಿ ಕಾಂಕ್ರೀಟಿನ ಅಂತಸ್ತುಗಳು ನಿಂತಿವೆ. ಆ ಕಾಂಕ್ರೀಟಿಗೆ ಹೊರಗಡೆಯಿಂದ ಒಂದು ಹೊದಿಕೆ. ಒಂದು ಕಟ್ಟಡಕ್ಕೆ ನೀಲಿ ಗಾಜು, ಇನ್ನೊಂದಕ್ಕೆ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಲಗೆ, ಮತ್ತೊಂದಕ್ಕೆ ಕನ್ನಡಿಯಂತೆ ಹೊಳೆಯುವ ಗ್ರಾನೈಟು. ಯಾವ ಹೊದಿಕೆ ಹಾಕಬೇಕೆಂಬುದು ಧಣಿಗೂ ಇಂಜಿನಿಯರರಿಗೂ ಸೇರಿದ ರುಚಿಯ ಪ್ರಶ್ನೆ, ಅದರಲ್ಲಿ ನಮಗೇನು ಕೆಲಸ ಎಂದು ದುಡಿಯುವ ಜನರು ಸುಮ್ಮನಿದ್ದೇವೆ. ಹಾಗೆ ಸುಮ್ಮನಿರುವುದು ಸರಿಯಲ್ಲ. ಇದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆ.

ನ್ಯಾಯದ ಪ್ರಶ್ನೆ ಏಕೆಂದರೆ, ಹೊದಿಕೆಯನ್ನು ಆರಿಸುವವನು ಅದರೊಳಗೆ ಇರುವವನಲ್ಲ. ಕಟ್ಟಿಸಿದವನು ಒಂದೆರಡು ವರ್ಷದಲ್ಲಿ ಅಂಗಡಿ, ಫ್ಲಾಟುಗಳನ್ನು ಮಾರಿ ಇನ್ನೊಂದು ನಿವೇಶನಕ್ಕೆ ಹೋಗುತ್ತಾನೆ. ಬೆಳಗಿನಿಂದ ರಾತ್ರಿಯವರೆಗೆ ಒಳಗೆ ನಿಂತಿರುವವರು ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು, ಲಿಫ್ಟಿನ ಹುಡುಗ, ಕಾವಲುಗಾರ, ಬಾಡಿಗೆಗೆ ಕೋಣೆ ಹಿಡಿದ ಸಣ್ಣ ವ್ಯಾಪಾರಿ. ಸೆಕೆಯೂ ಅವರದು, ಕರೆಂಟಿನ ಬಿಲ್ಲೂ ಅವರದು. ಅಪಾಯ ಬಂದರೆ ಪ್ರಾಣವೂ ಅವರದೇ.

ಗೋಡೆಗೆ ಹೊದಿಕೆ ತೊಡಿಸುವುದು ನಮಗೆ ಹೊಸ ವಿದ್ಯೆಯಲ್ಲ. ಮಳೆಗಾಲಕ್ಕೆ ಮುಂಚೆ ಪಡುವಣ ದಿಕ್ಕಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದ ನಮ್ಮ ಅಜ್ಜಂದಿರು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಸಮುದ್ರದ ಕಡೆಯಿಂದ ಬೀಸುವ ಮಳೆಯ ಎರಚಲು ಗೋಡೆಗೆ ಬಡಿಯಬಾರದು, ತಟ್ಟಿಗೂ ಗೋಡೆಗೂ ನಡುವೆ ಗಾಳಿ ಆಡಬೇಕು, ಮಳೆ ನಿಂತ ಮೇಲೆ ತಟ್ಟಿಯನ್ನು ಬಿಚ್ಚಬೇಕು, ಇಷ್ಟನ್ನು ಅವರು ತಿಳಿದಿದ್ದರು. ಇಂದಿನ ದೊಡ್ಡ ಕಟ್ಟಡದ ಹೊದಿಕೆಯ ಕರ್ತವ್ಯವೂ ಇದೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಉಪ್ಪು ಗಾಳಿ ಬೀಸುವ, ಎಂಟು ತಿಂಗಳು ಬೆವರು ಹರಿಸುವ ಈ ಊರಿನಲ್ಲಿ ಹೊದಿಕೆಯು ಮಳೆಯನ್ನು ತಡೆಯಬೇಕು, ಬಿಸಿಲನ್ನು ತಡೆಯಬೇಕು, ತಾನು ಬೆಂಕಿಗೆ ಸೌದೆಯಾಗಬಾರದು. ಈ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆ ಅಂದದ ಮಾತು.

ಈಗ ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಎಸಿಪಿ ಶೀಟು. ದೊಡ್ಡ ಕಟ್ಟಡದ ಮುಖಕ್ಕೆ ಮಾತ್ರವಲ್ಲ, ಸಣ್ಣ ಅಂಗಡಿಗಳ ಬೋರ್ಡಿಗೂ ಅದೇ. ಆದುದರಿಂದ ಅದು ಏನೆಂದು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಹೆಸರಿಗೆ ಅಲ್ಯುಮಿನಿಯಂ. ವಾಸ್ತವದಲ್ಲಿ ಅಲ್ಯುಮಿನಿಯಂ ಇರುವುದು ಹಿಂದೆ ಮುಂದೆ ಎರಡು ತೆಳು ತಗಡು, ಒಂದೊಂದು ಅರ್ಧ ಮಿಲಿಮೀಟರು ಅಥವಾ ಅದಕ್ಕೂ ಕಡಿಮೆ. ನಡುವೆ ಇರುವುದು ತಿರುಳು. ಅಗ್ಗದ ಶೀಟಿನಲ್ಲಿ ಈ ತಿರುಳು ಪಾಲಿಥಿನ್, ಅಂದರೆ ನಮ್ಮ ಕೈಚೀಲ ಮತ್ತು ಕೊಡಪಾನದ ಪ್ಲಾಸ್ಟಿಕ್ಕಿನ ಜಾತಿಯದೇ. ತೂಕಕ್ಕೆ ತೂಕ ಹೋಲಿಸಿದರೆ ಅದು ಸೌದೆಗಿಂತ ಎರಡು ಪಾಲಿಗೂ ಹೆಚ್ಚು ಶಾಖ ಕೊಟ್ಟು ಉರಿಯುತ್ತದೆ.

ಇದನ್ನು ಲೆಕ್ಕ ಮಾಡಿ ನೋಡೋಣ, ಕಷ್ಟದ ಲೆಕ್ಕವಲ್ಲ. 4 ಮಿಲಿಮೀಟರು ದಪ್ಪದ ಶೀಟಿನಲ್ಲಿ 3 ಮಿಲಿಮೀಟರು ತಿರುಳು ಎಂದು ಹಿಡಿದರೆ, ಒಂದು ಚದರ ಮೀಟರಿಗೆ ಸುಮಾರು ಎರಡೂಮುಕ್ಕಾಲು ಕಿಲೋ ಪ್ಲಾಸ್ಟಿಕ್ಕು. 20 ಅಡಿ ಅಗಲ, 10 ಅಡಿ ಎತ್ತರದ ಒಂದು ಮುಖವೆಂದರೆ ಹದಿನೆಂಟೂವರೆ ಚದರ ಮೀಟರು. ಅಂದರೆ 50 ಕಿಲೋ ಪ್ಲಾಸ್ಟಿಕ್ಕನ್ನು ಬಾಗಿಲ ಮೇಲೆ ತೂಗುಹಾಕಿ, ಅದರ ಹಿಂದೆ ದೀಪದ ವಯರು ಎಳೆದು, ಕೆಳಗೆ ಕುಳಿತು ವ್ಯಾಪಾರ ಮಾಡಿದಂತಾಯಿತು. ಹತ್ತು ಅಂತಸ್ತಿನ ಕಟ್ಟಡದ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ಇದಲ್ಲದೆ ಶೀಟಿಗೂ ಗೋಡೆಗೂ ನಡುವೆ ಬಿಡುವ ಸಂದು ಬೆಂಕಿ ಬಿದ್ದಾಗ ಹೊಗೆಗೂಡಿನಂತೆ ಕೆಲಸ ಮಾಡಿ ಜ್ವಾಲೆಯನ್ನು ಮೇಲಕ್ಕೆ ಎಳೆಯುತ್ತದೆ. ಮಳೆಗೆ ಗುಣವಾದದ್ದು ಬೆಂಕಿಗೆ ದಾರಿಯಾಗುತ್ತದೆ. ನಡುನಡುವೆ ಬೆಂಕಿ ತಡೆಯುವ ಅಡ್ಡಪಟ್ಟಿ ಹಾಕಬೇಕೆಂಬ ವಿಧಿ ಇರುವುದು ಇದಕ್ಕಾಗಿಯೇ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡದ ನಾಲ್ಕನೆಯ ಮಾಳಿಗೆಯ ಒಂದು ಅಡಿಗೆಮನೆಯಲ್ಲಿ ಬೆಂಕಿ ಹತ್ತಿತು. ಆ ಕೋಣೆಯಲ್ಲೇ ಆರಬೇಕಾಗಿದ್ದ ಬೆಂಕಿ ಹೊರಗಿನ ಹೊದಿಕೆಯನ್ನು ಹಿಡಿದು ಅರ್ಧ ಗಂಟೆಯ ಆಸುಪಾಸಿನಲ್ಲಿ ತುದಿಯನ್ನು ಮುಟ್ಟಿತು. 72 ಮಂದಿ ಸತ್ತರು. ಅದು ಧನಿಕರ ಬಂಗಲೆಯಲ್ಲ. ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟ ಸಾಮಾನ್ಯ ಜನರ ವಸತಿ. ಹೊದಿಕೆಗೆ ಮೊದಲು ಸತುವಿನ ಹಲಗೆಯನ್ನು ಯೋಚಿಸಿ, ಅನಂತರ ಸುಮಾರು 3 ಲಕ್ಷ ಪೌಂಡು ಉಳಿಸುವುದಕ್ಕಾಗಿ ಪಾಲಿಥಿನ್ ತಿರುಳಿನ ಅಲ್ಯುಮಿನಿಯಂ ಹಾಕಿದರು. ಅಪಾಯವುಂಟೆಂದು ಒಳಗಿನ ಬಾಡಿಗೆದಾರರು ಮುಂಚೆಯೇ ಕೂಗಿ ಹೇಳಿದ್ದರು; ಕೇಳಬೇಕಾದವರು ಕೇಳಲಿಲ್ಲ. ಆ ಸಾವುಗಳೆಲ್ಲವನ್ನೂ ತಪ್ಪಿಸಬಹುದಾಗಿತ್ತೆಂದು 2024ರ ಸೆಪ್ಟೆಂಬರಿನಲ್ಲಿ ವಿಚಾರಣಾ ಸಮಿತಿಯು ಹೇಳಿತು. ಹೊದಿಕೆಯ ಮಾಲು ತಯಾರಿಸಿ ಮಾರಿದ ಕಂಪೆನಿಗಳ ಅಪ್ರಾಮಾಣಿಕತೆಯನ್ನೂ ಬಯಲಿಗೆಳೆಯಿತು. ಎತ್ತರದ ವಸತಿ ಕಟ್ಟಡಗಳ ಹೊರಗೋಡೆಗೆ ಉರಿಯುವ ಪದಾರ್ಥ ಕೂಡದೆಂದು ಇಂಗ್ಲೆಂಡಿನಲ್ಲಿ 2018ರ ಕೊನೆಗೆ ಕಾನೂನಾಯಿತು. 72 ಹೆಣ ಬಿದ್ದ ಮೇಲೆ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ದುಬಾಯಿಯಲ್ಲಿ ಟಾರ್ಚ್ ಟವರ್ ಎಂಬ ಕಟ್ಟಡ 2015ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಹೊರಮೈಯಲ್ಲಿ ಉರಿಯಿತು. ಸ್ಪೇನಿನ ವಲೆನ್ಸಿಯಾದಲ್ಲಿ 2024ರ ಫೆಬ್ರವರಿಯಲ್ಲಿ 14 ಅಂತಸ್ತಿನ ವಸತಿ ಸುಟ್ಟು 10 ಮಂದಿ ಸತ್ತರು. ಊರು ಬೇರೆ, ಭಾಷೆ ಬೇರೆ, ಪಾಠ ಒಂದೇ.

ಇನ್ನು ಗಾಜು. ಗಾಜು ಉರಿಯುವುದಿಲ್ಲ ನಿಜ. ಆದರೆ ಬಿಸಿಲನ್ನು ಒಳಗೆ ಬಿಟ್ಟು, ಕಾವನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಚಳಿಯ ದೇಶದಲ್ಲಿ ಅದು ಉಪಕಾರ. ಮಂಗಳೂರಿನ ಎಪ್ರಿಲಿನಲ್ಲಿ ಪಡುವಣಕ್ಕೆ ಮುಖ ಮಾಡಿ ಗಾಜು ಹಾಕಿದವನು ಒಳಗಿನವರನ್ನು ಭತ್ತ ಬೇಯಿಸುವ ಹಂಡೆಗೆ ಹಾಕಿದಂತೆ. ಆ ಸೆಕೆಯನ್ನು ಯಂತ್ರದಿಂದ ಹೊರದೂಡಲು ಕರೆಂಟು ಬೇಕು. ಅದರ ಹಣ ನಿರ್ವಹಣಾ ವೆಚ್ಚವೆಂಬ ಹೆಸರಿನಲ್ಲಿ ತಿಂಗಳು ತಿಂಗಳು ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ. ಇದಕ್ಕಿಂತ ಘೋರವಾದದ್ದು ಹೊಗೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿಯಾದಾಗ 9 ಮಂದಿ ಸತ್ತರು. ಒಳಗೆ ಹೊಗೆ ತುಂಬಿತು. ಗಾಜು ಒಡೆದು ಕೆಳಕ್ಕೆ ಹಾರಿ ಸತ್ತವರೂ ಅವರಲ್ಲಿದ್ದರು. ತೆರೆಯಲು ಬಾರದ ಕಿಟಕಿ ಕಿಟಕಿಯಲ್ಲ, ಪಾರದರ್ಶಕವಾದ ಗೋಡೆ.

ಗ್ರಾನೈಟಿನ ವಿಷಯದಲ್ಲಿ ಒಂದೇ ಮಾತು ಸಾಕು. ಕಲ್ಲಿಗೆ ಬೆಂಕಿಯ ಭಯವಿಲ್ಲ. ಆದರೆ ತೆಳು ಹಲಗೆಯಾಗಿ ಸೀಳಿದ ಕಲ್ಲನ್ನು ಎತ್ತರದಲ್ಲಿ ಬರಿಯ ಸಿಮೆಂಟಿನಿಂದ ಅಂಟಿಸಿದರೆ, ಬಿಸಿಲು ಮಳೆಗೆ ಹಿಡಿತ ಬಿಟ್ಟು ಒಂದು ದಿನ ದಾರಿಹೋಕನ ತಲೆಯ ಮೇಲೆ ಬೀಳುತ್ತದೆ. ತುಕ್ಕು ಹಿಡಿಯದ ಉಕ್ಕಿನ ಕೊಂಡಿ ಬೇಕೇ ಬೇಕು. ಅಲ್ಯುಮಿನಿಯಂ ಚೌಕಟ್ಟಿಗೆ ಅಗ್ಗದ ಕಬ್ಬಿಣದ ಸ್ಕ್ರೂ ಹಾಕಿದರೂ ಇದೇ ಗತಿ. ಉಪ್ಪು ತೇವದಲ್ಲಿ ಎರಡು ಲೋಹ ಒಂದನ್ನೊಂದು ಮುಟ್ಟಿದಲ್ಲಿ ಕೊರೆತ ಶುರುವಾಗುತ್ತದೆ. ಕಂತ್ರಾಟುದಾರ ಉಳಿಸುವುದು ಇಂತಹ ಕಣ್ಣಿಗೆ ಕಾಣದ ಕಡೆಯಲ್ಲಿ.

ಹಾಗಾದರೆ ನಮ್ಮ ನೆಲದಲ್ಲಿ ಏನೂ ಇಲ್ಲವೆ? ಧಾರಾಳವಾಗಿ ಉಂಟು. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್, ಅಂದರೆ ಇಟ್ಟಿಗೆಯಂತಹ ಕಲ್ಲು, ಎಂದು ಹೆಸರಿಟ್ಟದ್ದು ಈ ಕರಾವಳಿಯ ಮುರಕಲ್ಲಿಗೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ದಪ್ಪ ಮುರಕಲ್ಲಿನ ಗೋಡೆಗೆ ಬೇರೆ ಹೊದಿಕೆಯೇ ಬೇಡ. ಸುಣ್ಣದ ಗಾರೆಯೂ ಮುಂದಕ್ಕೆ ಚಾಚಿದ ಮಾಡೂ ಸಾಕು. ಇನ್ನು ಹಂಚು. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಈ ಉದ್ಯಮ ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಆವೆಮಣ್ಣಿನಿಂದ ಬೆಳೆದು ಮಂಗಳೂರಿನ ಹೆಸರನ್ನು ಸಮುದ್ರದಾಚೆಗೆ ಒಯ್ದಿತು. ಮಣ್ಣು ಹದ ಮಾಡಿ, ಅಚ್ಚು ಹಾಕಿ, ಒಣಗಿಸಿ, ಗೂಡಿನಲ್ಲಿ ಸುಟ್ಟು, ತಲೆಯ ಮೇಲೆ ಹೊತ್ತವರು ಈ ಜಿಲ್ಲೆಯ ಗಂಡಸರು ಮತ್ತು ಹೆಂಗಸರು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಹೊಗೆಗೂಡುಗಳು ಒಂದೊಂದಾಗಿ ತಣ್ಣಗಾದವು, ಕೆಲಸಗಾರರು ಚದರಿದರು.

ಇದರಲ್ಲಿ ಒಂದು ವಿಡಂಬನೆಯೂ ಉಂಟು. ಯುರೋಪಿನ ದೊಡ್ಡ ನಗರಗಳಲ್ಲಿ ಇಂದು ಸುಟ್ಟ ಆವೆಮಣ್ಣಿನ ಹಲಗೆಗಳನ್ನು ಲೋಹದ ಪಟ್ಟಿಗೆ ತೂಗುಹಾಕಿ ಬಹು ಅಂತಸ್ತಿನ ಕಟ್ಟಡಗಳಿಗೆ ಹೊದಿಸುತ್ತಾರೆ. ಅದು ಉರಿಯುವುದಿಲ್ಲ, ಬಣ್ಣ ಮಾಸುವುದಿಲ್ಲ, ಹಿಂದೆ ಗಾಳಿ ಆಡುತ್ತದೆ. ಆ ಪದಾರ್ಥವನ್ನು ಒಂದೂವರೆ ಶತಮಾನ ಸುಟ್ಟ ಊರು ನಮ್ಮದು. ನಮ್ಮ ಗೂಡುಗಳಿಗೆ ಈ ಹೊಸ ಅಚ್ಚು ಕೊಡಬೇಕೆಂದು ಯೋಚಿಸಬೇಕಾದವರು ಯೋಚಿಸಲಿಲ್ಲ. ನಮ್ಮ ಧಣಿಗಳು ಪ್ಲಾಸ್ಟಿಕ್ ತಿರುಳಿನ ಶೀಟನ್ನು ದೂರದಿಂದ ತರಿಸಿ ಇದೇ ಪ್ರಗತಿ ಎನ್ನುತ್ತಾರೆ.

ನಮ್ಮದೆಂಬ ಕಾರಣಕ್ಕೆ ಎಲ್ಲವನ್ನೂ ಕಣ್ಣು ಮುಚ್ಚಿ ಹೊಗಳುವುದೂ ತಪ್ಪು. ಮುರಕಲ್ಲಿನ ಕೋರೆ ತೋಡಿ ಹಾಗೆಯೇ ಬಿಟ್ಟ ಹೊಂಡದಲ್ಲಿ ಮಳೆಗಾಲದಲ್ಲಿ ಮಕ್ಕಳು ಮುಳುಗಿದ್ದುಂಟು. ಗದ್ದೆಯ ಆವೆಮಣ್ಣು ತೆಗೆದರೆ ರೈತನ ಅನ್ನಕ್ಕೆ ಕಲ್ಲು. ಹಂಚಿನ ಕಾರ್ಖಾನೆಯ ಧಣಿಯೂ ಧಣಿಯೇ; ಅಲ್ಲಿಯೂ ಕೂಲಿ, ಬೋನಸ್ಸಿಗಾಗಿ ಹೋರಾಡಬೇಕಾಗಿತ್ತು. ಆದುದರಿಂದ ನಾವು ಕೇಳುವುದು ಹಳೆಯದರ ಪೂಜೆಯಲ್ಲ, ಸಾಮಾಜಿಕ ಹತೋಟಿ.

ಎತ್ತರದ ಕಟ್ಟಡವನ್ನು ಮುರಕಲ್ಲಿನಿಂದ ಏರಿಸಲಾಗುವುದೇ ಎಂದು ಕೆಲವರು ಕೇಳಿಯಾರು. ಆಗುವುದಿಲ್ಲ, ಅಂತಹ ಹಟವೂ ಬೇಡ. ನಾಲ್ಕು ಅಂತಸ್ತಿನೊಳಗಿನ ಶಾಲೆ, ಕಚೇರಿ, ವಸತಿಗಳಿಗೆ ಕಲ್ಲು, ಗಾರೆ, ಹಂಚು ಸಾಕು. ಅದಕ್ಕೂ ಎತ್ತರಕ್ಕೆ ಆವೆಮಣ್ಣಿನ ಹಲಗೆ, ಕೊಂಡಿ ಹಾಕಿದ ಕಲ್ಲು, ಖನಿಜದ ಪುಡಿ ತುಂಬಿ ಉರಿಯದಂತೆ ಮಾಡಿದ ತಿರುಳಿನ ಶೀಟು, ಇವೆಲ್ಲ ಇವೆ. ಬೆಲೆ ಹೆಚ್ಚೆಂದು ಹೇಳಿಯಾರು. ಹೆಚ್ಚು ಹೌದು. ಆದರೆ ಅಗ್ಗದ ಶೀಟಿನಲ್ಲಿ ಉಳಿದ ಹಣ ಬಾಡಿಗೆದಾರನಿಗೆ ಬಂದದ್ದುಂಟೆ? ಲಾಭ ಒಬ್ಬನಿಗೆ, ಅಪಾಯ ನೂರು ಜನರಿಗೆ ಎಂಬ ಈ ವ್ಯವಹಾರಕ್ಕೆ ಮಿತವ್ಯಯವೆಂಬ ಗೌರವದ ಹೆಸರು ಸಲ್ಲದು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಗ್ನಿ ಸುರಕ್ಷತೆಗೆ ಒಂದು ಭಾಗವೇ ಇದೆ. ಆದರೆ ಸಂಹಿತೆ ಸಲಹೆ ಮಾತ್ರ. ರಾಜ್ಯ ಮತ್ತು ಸ್ಥಳೀಯ ಆಡಳಿತಗಳು ನಿಯಮ ಮಾಡಿ ಜಾರಿಗೆ ತಂದಾಗಲೇ ಅದಕ್ಕೆ ಹಲ್ಲು. ಆದುದರಿಂದ ನಗರಪಾಲಿಕೆಯ ಮುಂದೆ ನಮ್ಮ ಬೇಡಿಕೆಗಳು ಇವು:

1. ಕಟ್ಟಡದ ಪರವಾನಗಿಯ ಅರ್ಜಿಯಲ್ಲಿ ಹೊರ ಹೊದಿಕೆಯ ಪದಾರ್ಥ, ಅದರ ತಿರುಳು, ಅಗ್ನಿ ಪರೀಕ್ಷೆಯ ಪ್ರಮಾಣಪತ್ರಗಳನ್ನು ನಮೂದಿಸಬೇಕು. ಯಾವ ನಾಗರಿಕನಾದರೂ ಅದನ್ನು ನೋಡುವಂತಿರಬೇಕು.

2. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಮಾರುಕಟ್ಟೆಗಳಿಗೆ ಉರಿಯುವ ಹೊದಿಕೆ ಪೂರ್ತಿ ನಿಷೇಧವಾಗಬೇಕು.

3. ಈಗಾಗಲೇ ಹಾಕಿದ ಕಡೆ ತಪಾಸಣೆಯಾಗಬೇಕು. ಬದಲಾಯಿಸುವ ಖರ್ಚು ಕಟ್ಟಿಸಿದವನದು. ಬಾಡಿಗೆದಾರನ ಮೇಲೆ ಹೊರಿಸಕೂಡದು.

4. ಗಾಜಿನ ಮುಖವಿದ್ದರೆ ಪ್ರತಿ ಅಂತಸ್ತಿನಲ್ಲಿ ತೆರೆಯುವ ಕಿಟಕಿ, ಬೀಗ ಹಾಕದ ಮೆಟ್ಟಿಲು ಕಡ್ಡಾಯವಾಗಬೇಕು.

5. ಸಾರ್ವಜನಿಕ ಕಟ್ಟಡಗಳಲ್ಲಿ ಜಿಲ್ಲೆಯ ಹಂಚು ಮತ್ತು ಕಲ್ಲಿಗೆ ಆದ್ಯತೆ ಸಿಗಬೇಕು. ಅವುಗಳನ್ನು ಒದಗಿಸುವವರು ಕಾನೂನಿನ ಕೂಲಿ ಕೊಡಬೇಕು, ತೋಡಿದ ಹೊಂಡ ಮುಚ್ಚಬೇಕು.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಅಂಗಡಿಯ ಮುಖಕ್ಕೆ ಶೀಟು ಹಾಕಿಸುವಾಗ ಬಣ್ಣ ಕೇಳುವ ಮೊದಲು ತಿರುಳು ಏನೆಂದು ಕೇಳಿರಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ. ಬರೆದು ಕೊಡಲು ಹಿಂಜರಿಯುವವನ ಮಾಲು ಬೇಡ. ದೀಪದ ವಯರನ್ನು ಶೀಟಿನ ಹಿಂದೆ ಬರಿದಾಗಿ ಬಿಡಬೇಡಿರಿ. ಮಹಡಿಗಳಲ್ಲಿ ಕೆಲಸ ಮಾಡುವ ಬಂಧುಗಳು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಕೂಲಿಯ ಪ್ರಶ್ನೆಯ ಜೊತೆಗೆ ಈ ಪ್ರಶ್ನೆಯನ್ನೂ ಎತ್ತಲಿ: ನಮ್ಮ ಗೋಡೆಯ ಹೊರಗೆ ಏನಿದೆ? ಗ್ರೆನ್‌ಫೆಲ್ಲಿನ ಬಾಡಿಗೆದಾರರು ಕೇಳಿದಾಗ ಅವರ ಬೆನ್ನಿಗೆ ಸಾಕಷ್ಟು ಜನ ನಿಲ್ಲಲಿಲ್ಲ. ಇಲ್ಲಿ ಕೇಳುವವನು ಒಬ್ಬಂಟಿಯಾಗದಂತೆ ನೋಡಿಕೊಳ್ಳುವುದು ಸಂಘಟನೆಯ ಕೆಲಸ.