ಅನ್ನ ಬಿಟ್ಟು ರೊಟ್ಟಿ ಹಿಡಿದರೆ ಸಾಕೆ?

ಸಕ್ಕರೆ ರೋಗ ಬಂದೊಡನೆ ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದರೆ ಸಾಕೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಜೋಳದಲ್ಲೂ 68 ಗ್ರಾಂ ಇದೆ. ಧಾನ್ಯ ಬದಲಿಸಿದರೆ ಸಾಲದು, ಒಟ್ಟು ಶರ್ಕರಪಿಷ್ಟವೇ ತಗ್ಗಬೇಕೆಂದು 2025ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೂ ತಿಳಿಸಿದೆ.

ಆದುದರಿಂದ ಅನ್ನವಿರಲಿ, ರೊಟ್ಟಿಯಿರಲಿ, ಪ್ರಮಾಣ ಇಳಿಸಿರಿ. ಆ ಜಾಗಕ್ಕೆ ಕಾಳುಪಲ್ಯ, ಸೊಪ್ಪು, ಮಜ್ಜಿಗೆ ಬರಲಿ. ತೂಕವೂ ಹತೋಟಿಗೆ ಬರುತ್ತದೆ. ಮಸೂರದಲ್ಲಿ ಅಕ್ಕಿಯ ಮೂರರಷ್ಟು ಸಸಾರಜನಕವಿದೆ. ಖಾನಾಪುರದ ರೈತ ಬಾಂಧವರು ಭತ್ತ ಕೊಯ್ದ ಗದ್ದೆಯ ತೇವದಲ್ಲಿ ಬೆಳೆದ ಕಾಳನ್ನೆಲ್ಲ ಬೆಳಗಾವಿ ಪೇಟೆಗೆ ಸಾಗಿಸದೆ, ಮನೆಗೂ ಒಂದು ಚೀಲ ಉಳಿಸಿಕೊಳ್ಳಬೇಕು.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು.