ವಾಸೂ ಪರಾಂಜಪೆ: ಅಂಕಿಗಳಾಚೆಯ ಸಾಧನೆ

2021ರ ಆಗಸ್ಟ್ 30ರಂದು ನಿಧನರಾದ ಕ್ರಿಕೆಟಿಗ ವಾಸೂ ಪರಾಂಜಪೆ ಆಡಿದ್ದು 29 ಪ್ರಥಮ ದರ್ಜೆ ಪಂದ್ಯಗಳನ್ನು ಮಾತ್ರ. ಅವರ ಹಿರಿಮೆಯನ್ನು ಆ ಅಂಕಿಯಿಂದ ಅಳೆಯಲಾಗದು. ಮುಂಬೈಯ ದಾದರ್ ಯೂನಿಯನ್ ಕ್ಲಬ್‌ನ ನಾಯಕರಾಗಿ ಅವರು ಸುನಿಲ್ ಗಾವಸ್ಕರ್ ಅವರಂಥ ಯುವಕರನ್ನು ಬೆಳೆಸಿದರು. ಮುಂದೆ ನಮ್ಮ ರಾಹುಲ್ ದ್ರಾವಿಡ್ ಅವರ ಪೀಳಿಗೆಗೂ ಮಾರ್ಗದರ್ಶಕರಾದರು. ಇಂಥ ಪ್ರತಿಭೆಗಳು ಯಾರ ನೆರವಿಲ್ಲದೆಯೂ ಬೆಳಗುತ್ತಿದ್ದವು ಎಂಬ ವಾದವುಂಟು. ಆದರೆ ಎಳವೆಯಲ್ಲೇ ಗುರುತಿಸಿ, ಧೈರ್ಯ ತುಂಬಿ, ಹಿರಿಯರೊಡನೆ ಆಡಲು ಅವಕಾಶ ಕೊಡುವವರಿಲ್ಲದಿದ್ದರೆ ಎಷ್ಟೋ ಹುಡುಗರ ಆಟ ಶಾಲಾ ತಂಡದಲ್ಲೇ ಮುಗಿದುಹೋಗುತ್ತದೆ. ಹಣವೂ ಅಕಾಡೆಮಿಗಳೂ ಹೆಚ್ಚಿರುವ ಈ ಕಾಲದಲ್ಲೂ ಆ ಕೆಲಸಕ್ಕೆ ಆಟವನ್ನು ಪ್ರೀತಿಸುವ ಮನುಷ್ಯರೇ ಬೇಕು. ಸ್ಥಳೀಯ ಕ್ಲಬ್‌ಗಳನ್ನೂ ಮೈದಾನಗಳನ್ನೂ ಉಳಿಸಿಕೊಳ್ಳುವುದೇ ಪರಾಂಜಪೆ ಅವರಿಗೆ ಸಲ್ಲಬೇಕಾದ ಗೌರವ.