ಕೂಸು ಊರೂರು ಅಲಿಯೂದು ಬ್ಯಾಡ, ಕಾರ್ಡ್ ಹೋಗಲಿ

ಭಾಗ 1/6
ನೇರ ವಿಷಯಕ್ಕ ಬರ್ತೀನಿ. ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತಗೊಂಡು ತಪಾಸಣೆ ಮಾಡೂದು ದುಡ್ಡಿದ್ದೋರ ಪ್ಯಾಕೇಜ್ ಆಗಬಾರದು. ಬಿಸಿಜಿ, ಪೋಲಿಯೋ ಹನಿ ಇದ್ದಂಗ ಅದೂ ಹಕ್ಕು ಆಗಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹುಟ್ಟಿದ್ರೂ. "ನಮ್ಮಂಥ ಜಿಲ್ಲಾಕ್ಕ ಇದೆಲ್ಲ ಯಾಕ?" ಅನ್ನೋರು ಆರೂ ಭಾಗ ಓದ್ರಿ, ಆಮ್ಯಾಲೆ ಜಗಳಕ್ಕ ಬರ್ರಿ.

ಭಾಗ 2/6
ಕೆಲಸ ಸರಳ ಐತಿ. ಹುಟ್ಟಿದ 24ರಿಂದ 72 ಗಂಟೆಯೊಳಗ ರಕ್ತದ ಹನಿಗಳನ್ನ ಫಿಲ್ಟರ್ ಪೇಪರ್ ಕಾರ್ಡ್ ಮ್ಯಾಲೆ ಇಳಿಸಿ, ನೆರಳಾಗ ಒಣಗಿಸಿ, ಕವರ್‌ನಲ್ಲಿ ಹಾಕಿ ಅಂಚೆಗೆ ಕೊಟ್ರೆ ಆಯ್ತು. ಲ್ಯಾಬಿನಲ್ಲಿ ಆ ಒಣ ಕಲೆಯಿಂದ ಸುಮಾರು 3 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸಿ, ದ್ರಾವಣದಾಗ ನೆನೆಸಿ, ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡ್ತಾರ. ಗಂಗಾವತಿ ಎಪಿಎಂಸಿಯ ತಕ್ಕಡಿ ಭತ್ತ ತೂಗಿದಂಗ ಈ ಯಂತ್ರ ಅಣುಗಳನ್ನ ತೂಗ್ತದ. ಎರಡು-ಮೂರು ನಿಮಿಷದಾಗ ಹತ್ತಾರು ಅಂಶ ಅಳೆದು, ಹತ್ತಾರು ಹುಟ್ಟು ಕಾಯಿಲೆಗಳ ಸುಳಿವು ಕೊಡ್ತದ. ಥೈರಾಯ್ಡ್ ಪರೀಕ್ಷೆ ಬೇರೆ ವಿಧಾನ, ಆದ್ರೆ ಅದಕ್ಕೂ ಇದೇ ಕಾರ್ಡ್ ಸಾಕು.

ಭಾಗ 3/6
ಅವಸರ ಯಾಕ? ಕೆಲವು ಕೂಸುಗಳಿಗೆ ಹಾಲಿನಾಗಿನ ಪ್ರೋಟೀನೇ ವಿಷ ಆಗ್ತದ. ಹುಟ್ಟಿದಾಗ ಚಂದ ಇರ್ತದ. ಕೆಲವೇ ದಿನದಾಗ ಹಾಲು ಬಿಡ್ತದ, ಮಂಪರು, ಫಿಟ್ಸ್. ಅಂಥ ಒಂದು ಕಾಯಿಲೆಯೊಳಗ ಮೂತ್ರ ಸೀದ ಸಕ್ಕರೆ, ಮೆಂತ್ಯೆ ವಾಸನೆ ಹೊಡಿತದ. ನಾವು ದೃಷ್ಟಿ ತೆಗೆಯೋದ್ರೊಳಗ ಮಿದುಳಿಗೆ ಪೆಟ್ಟು ಬಿದ್ದಿರ್ತದ.
ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರೋ ಕೂಸು ನಮ್ಮ ದೇಶದಾಗ ಸುಮಾರು ಸಾವಿರಕ್ಕ ಒಂದು. ಮೊದಲ ಎರಡು ವಾರದಾಗ ಗುಳಿಗಿ ಶುರು ಮಾಡಿದ್ರ ಎಲ್ಲರಂಗ ಬೆಳಿತದ. ತಡ ಆದ್ರ ಕಳಕೊಂಡ ಬುದ್ಧಿಶಕ್ತಿ ವಾಪಸ್ ಬರಲ್ಲ. ಆ ಗುಳಿಗಿ ದಿನಕ್ಕ ಒಂದು ಕಪ್ ಚಹಾಕ್ಕಿಂತ ಅಗ್ಗ!

ಭಾಗ 4/6
"ಇದು ಫಾರಿನ್ ಮಂದಿದು" ಅಂತೀರಿ? ಕಾರ್ಡಿನ ಪದ್ಧತಿ 1960ರ ದಶಕದಾಗ ಅಮೆರಿಕದ ರಾಬರ್ಟ್ ಗಥ್ರಿ ಶುರು ಮಾಡಿದ್ದು, ಖರೆ. ಆದ್ರ ಭಾರತದಾಗ ಇಂಥ ದೊಡ್ಡ ತಪಾಸಣೆ ಮೊದಲು ನಡೆದದ್ದು ನಮ್ಮ ಕರ್ನಾಟಕದಾಗೇ. 1980ರಲ್ಲಿ ಶುರುವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತವರ ತಂಡ 1,12,269 ನವಜಾತ ಶಿಶುಗಳನ್ನ ಪರೀಕ್ಷಿಸಿತು. ಆಮ್ಯಾಲೆ ಗೋವಾ 2008ರಲ್ಲಿ ಸರ್ಕಾರಿ ಯೋಜನೆ ಮಾಡಿತು, ಕೇರಳ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗೆ ತಪಾಸಣೆ ತಂತು. ಮೊದಲು ಓಡಿದೋರು ನಾವು, ಈಗ ಕಟ್ಟಿ ಮ್ಯಾಲೆ ಕುಂತೋರೂ ನಾವೇ.

ಭಾಗ 5/6
ಈಗ ರೊಕ್ಕದ ಮಾತು. ಬಿಕಾಂ ಮಂದಿ, ಫಿಕ್ಸೆಡ್ ಕಾಸ್ಟ್ ನೆನಪೈತಲ್ಲ? ಯಂತ್ರ ದುಬಾರಿ, ಕಾರ್ಡ್ ಅಗ್ಗ. ಸ್ಯಾಂಪಲ್ ಹೆಚ್ಚಾದಷ್ಟೂ ತಲಾ ಖರ್ಚು ಇಳಿತದ. ಯಂತ್ರ ಕೊಪ್ಪಳದಾಗೇ ಇರಬೇಕಂತಿಲ್ಲ, ಇಡೀ ವಿಭಾಗಕ್ಕ ಒಂದು ಇದ್ರೂ ನಡೀತದ.
"ಸೋದರಮಾವನ್ನ ಮದುವಿ ಆದ್ರ ಹಿಂಗೇ" ಅಂತ ಬೈಯೋರೂ ಇದ್ದಾರ. ಕರ್ನಾಟಕದಾಗ ಸುಮಾರು 27% ಮದುವಿ ರಕ್ತಸಂಬಂಧದಾಗ ಅಂತ ಎನ್‌ಎಫ್‌ಎಚ್‌ಎಸ್-5 ಹೇಳ್ತದ. ಅಂದ್ರ ನಮಗ ಈ ತಪಾಸಣೆ ಹೆಚ್ಚು ಬೇಕು, ಕಡಿಮೆ ಅಲ್ಲ. ತೊಟ್ಟಿಲಾಗಿನ ಕೂಸಿಗೆ ಬೈದು ಏನು ಉಪಯೋಗ?
ಒಂದು ಮಾತು ಒಪ್ತೀನಿ: ಕಾರ್ಡಿನ ಫಲಿತಾಂಶವೇ ಕೊನೆ ಅಲ್ಲ. ಮತ್ತೊಂದು ಪರೀಕ್ಷೆಲೆ ಖಚಿತ ಮಾಡ್ಕೋಬೇಕು, ಕೆಲವು ಕಾಯಿಲೆಯ ವಿಶೇಷ ಹಾಲಿನ ಪುಡಿ ಭಾಳ ತುಟ್ಟಿ. ಅದಕ್ಕೇ ತಪಾಸಣೆ, ಚಿಕಿತ್ಸೆ ಎರಡೂ ಜೋಡಿಯಾಗಿ ಬರಬೇಕು.

ಭಾಗ 6/6
ಬೇಡಿಕೆ ಮೂರೇ. ಹೆರಿಗೆ ಆಗೋ ಪ್ರತಿ ಆಸ್ಪತ್ರೆಯಾಗ ಕಾರ್ಡ್. ವಾರದೊಳಗ ಮನಿ ಫೋನಿಗೆ ಫಲಿತಾಂಶ. ಅನುಮಾನ ಬಂದ ಕೂಸಿಗೆ ಜಿಲ್ಲಾ ಆಸ್ಪತ್ರೆಯಿಂದಲೇ ಮುಂದಿನ ದಾರಿ.
371(ಜೆ) ಅಂದ್ರ ನಮಗ ಸೀಟು, ನೌಕರಿ ಅಷ್ಟೇ ನೆನಪಾಗ್ತದ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಅಂತ ಮಂಡಳಿ ಐತಿ, ಅದಕ್ಕ ಅನುದಾನ ಐತಿ. ಅದರಾಗ ಕೂಸಿನ ಹಿಮ್ಮಡಿಗೂ ಒಂದು ಪಾಲು ಇರಲಿ.
ನಿಮ್ಮ ಅಕ್ಕ, ಅತ್ತಿಗಿ, ಓಣಿಯಾಗ ಯಾರಾದ್ರೂ ಬಾಣಂತನಕ್ಕ ಬಂದಿದ್ರ ಇವತ್ತೇ ಡಾಕ್ಟರಿಗೆ ಕೇಳ್ರಿ: "ಹಿಮ್ಮಡಿ ರಕ್ತದ ತಪಾಸಣೆ ಆಗ್ತದೇನ್ರಿ?" ಏನು ಉತ್ತರ ಬಂತು, ಕೆಳಗ ಬರೀರಿ. ಊರಿನ ಹೆಸರು ಸಾಕು, ಮಂದಿ ಹೆಸರು ಬ್ಯಾಡ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ನಾಲ್ಕುಹನಿ